ಮರೆತವರು ಯಾರು, ಮರೆಸಿದವರು ಯಾರು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ವೀರಗಲ್ಲುಗಳನ್ನು ಕಾಣದವರಾರು? ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನಿಗೆ ಸ್ವರ್ಗ, ಸರಿ. ಬದುಕಿ ಬಂದು ನಿದ್ದೆಗೆಟ್ಟವನಿಗೆ ಯಾವ ಕಲ್ಲು? ನಾವು ಕೇಳುವುದು ಇಷ್ಟೇ.

ಅಂಥವನ ಕಥೆಯನ್ನು ಚಿತ್ರವಾಗಿ ಬರೆದವನು ಅರಿ ಫೋಲ್ಮನ್. 1982ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಇಸ್ರೇಲಿನ ಸಿಪಾಯಿಯಾಗಿ ಲೆಬನಾನಿಗೆ ಹೋದವನು. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಆ ಯುದ್ಧದ ನೆನಪೇ ಇಲ್ಲ! ತಾನು ಕೊಂದ 26 ನಾಯಿಗಳು ಕನಸಿನಲ್ಲಿ ಅಟ್ಟಿಸಿಕೊಂಡು ಬರುತ್ತವೆಂದು ಗೆಳೆಯನೊಬ್ಬ ಹೇಳಿದಾಗ, ಅವನು ಹಳೆಯ ಸಂಗಡಿಗರನ್ನು ಹುಡುಕಿ ಮಾತಾಡಿಸಿದ. ಅದೇ 2008ರ ‘ವಾಲ್ಟ್ಸ್ ವಿತ್ ಬಶೀರ್’.

ಗೊಂಬೆಯಾಟದ ಚಿತ್ರ ಸಾಕ್ಷ್ಯವಾದೀತೆ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಸಿಪಾಯಿಯ ದುಃಸ್ವಪ್ನದೊಳಕ್ಕೆ ಯಾವ ಕ್ಯಾಮೆರಾ ಹೋದೀತು, ಸ್ವಾಮಿ? ಕೊನೆಗೆ ಗೆರೆಗಳು ನಿಂತು, ನಿಜವಾದ ಹೆಣಗಳು, ಎದೆ ಬಡಿದುಕೊಳ್ಳುವ ಹೆಂಗಸರು ತೆರೆಯ ಮೇಲೆ ಬರುತ್ತಾರೆ. ಪ್ಯಾಲೆಸ್ತೀನಿಯರಿಗೆ ಚಿತ್ರದಲ್ಲಿ ಮಾತೇ ಸಾಲದೆಂಬುದು ನಮ್ಮ ಆಕ್ಷೇಪಣೆ. ಆದರೂ ಆ ಕೊನೆ ಸುಳ್ಳಾಡುವುದಿಲ್ಲ.

ನಡೆದದ್ದೇನು? 1982ರ ಸೆಪ್ಟೆಂಬರ್ 16ರಿಂದ 18ರವರೆಗೆ ಬೈರೂತಿನ ಸಬ್ರಾ, ಶತೀಲಾ ನಿರಾಶ್ರಿತರ ನೆಲೆಗಳಲ್ಲಿ ಫಲಾಂಜಿಸ್ಟ್ ಪಡೆ ನಿರಾಯುಧರನ್ನು ಕೊಂದಿತು. ಸುತ್ತ ಇಸ್ರೇಲಿ ಸೈನ್ಯದ ಕಾವಲು. ರಾತ್ರಿ ಬೆಳಕಿಗೆ ಅದೇ ಸೈನ್ಯದ ಜ್ವಾಲಾಗುಂಡು. 1983ರಲ್ಲಿ ಇಸ್ರೇಲಿನದೇ ಕಹಾನ್ ಆಯೋಗ ರಕ್ಷಣಾಮಂತ್ರಿ ಶರೋನರನ್ನು ಹೊಣೆಗಾರರೆಂದಿತು. ಅವರು ಆ ಖಾತೆ ಬಿಟ್ಟರು. 2001ರಲ್ಲಿ ಪ್ರಧಾನಿಯೇ ಆದರು! ಸಿಪಾಯಿಗೆ ನೆನಪು ಹೋಯಿತು. ಮಂತ್ರಿಗೆ ಪದವಿ ಬಂತು. ಯುದ್ಧದ ಲಾಭನಷ್ಟದ ಲೆಕ್ಕ ಇದೇ.

ಇದು ಪರದೇಶದ ಮಾತೆನ್ನಬೇಡಿ. ಫೋಲ್ಮನ್ ಹುಟ್ಟಿದ ಊರು ಹೈಫಾ. 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಸಾಮ್ರಾಜ್ಯಕ್ಕಾಗಿ, ಅದೇ ಹೈಫಾದ ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳ ಮೇಲೆ ಬಿದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಿದೆ; 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಆದರೆ ಕುದುರೆ ಇಳಿದು ಊರಿಗೆ ಬಂದ ಸವಾರ ನಡುರಾತ್ರಿ ಏನು ಕಂಡು ಬೆಚ್ಚಿದ? ಪ್ರತಿಮೆ ಬಾಯಿ ಬಿಡುವುದಿಲ್ಲ.

ಕಾರ್ಮಿಕ ಬಂಧುಗಳೇ, ಅಂಗಡಿಯ ಅಣ್ಣಂದಿರೇ! ಗಿರಣಿಯ ಗೇಟಿನಲ್ಲಿ ಕಾವಲು ನಿಂತ ಮಾಜಿ ಸಿಪಾಯಿ ನಿಮ್ಮ ಕೇರಿಯವನೇ. ವರ್ಷಕ್ಕೊಮ್ಮೆ ಹಾರ ಹಾಕಿ ಕೈತೊಳೆದುಕೊಳ್ಳಬೇಡಿ. ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂರಿ. ಅವನು ಹೇಳಿದಷ್ಟನ್ನು ಬರೆದಿಡಿ, ಹೇಳಲಾರದೆ ತಡೆದ ಜಾಗವನ್ನೂ ಗುರುತು ಹಾಕಿ. ಮುಂದಿನ ಯುದ್ಧಕ್ಕೆ ನಮ್ಮ ಮಕ್ಕಳನ್ನು ಕರೆಯಲು ಬರುವವರಿಗೆ ಆ ಕಾಗದವನ್ನು ಮೊದಲು ಓದಿಸೋಣ.