ಒಂದು ಫೈಲಿನ ಕೊಡುಗೆ

ವಿಜ್ಞಾನಕ್ಕೆ ಕೊಡುಗೆ ಎಂದೊಡನೆ ನಮಗೆ ಹೊಳೆಯುವುದು ಹೊಸ ಸಿದ್ಧಾಂತ, ಹೊಸ ಪ್ರಯೋಗ, ಹೆಸರಾಂತ ಪತ್ರಿಕೆಯಲ್ಲಿ ಬಂದ ಲೇಖನ. ಮುಕ್ತ ತಂತ್ರಾಂಶದ ಮಾತಾದರೆ ಕೋಡ್ ಬರೆದವರ ಹೆಸರು ಮುಂದೆ ಬರುತ್ತದೆ. ಗಣನಾತ್ಮಕ ರಸಾಯನಶಾಸ್ತ್ರದಲ್ಲಿ ಈ ಎರಡಕ್ಕೂ ಸೇರದ ಇನ್ನೊಂದು ಕೆಲಸವಿದೆ. ತಾನು ಮಾಡಿದ ಲೆಕ್ಕದ ಔಟ್‌ಪುಟ್ ಫೈಲನ್ನು ತಂತ್ರಾಂಶದ ಪರೀಕ್ಷೆಗೆಂದು ಬಿಟ್ಟುಕೊಡುವುದು. ಒಂದು ಸಾಲೂ ಕೋಡ್ ಬರೆಯಲು ಬಾರದ ಎಂ.ಎಸ್‌ಸಿ. ವಿದ್ಯಾರ್ಥಿಯೂ ಇದನ್ನು ಮಾಡಬಲ್ಲ. ಇದನ್ನು ಚಿಲ್ಲರೆ ಸಹಾಯವೆಂದು ಬದಿಗಿಡದೆ, ಸಂಶೋಧನೆಯ ಭಾಗವೆಂದೇ ಎಣಿಸಬೇಕು ಎಂಬುದು ನನ್ನ ವಾದ.

ಗಾಸಿಯನ್, ಗೇಮೆಸ್, ಓರ್ಕಾ, ಕ್ಯೂ-ಕೆಮ್, ಎನ್‌ಡಬ್ಲ್ಯೂಕೆಮ್ ಮೊದಲಾದ ಪ್ರೋಗ್ರಾಂಗಳು ಅಣುವಿನ ಶಕ್ತಿ, ಆಕಾರ, ಕಂಪನಗಳನ್ನು ಲೆಕ್ಕ ಹಾಕಿ ಉದ್ದನೆಯ ಪಠ್ಯದ ಫೈಲೊಂದರಲ್ಲಿ ಸುರಿಯುತ್ತವೆ. ಒಂದೊಂದರ ಬರವಣಿಗೆಯೂ ಒಂದೊಂದು ಬಗೆ. ಜಾನ್ ಪೋಪಲ್ ಅವರ ತಂಡ ಗಾಸಿಯನ್‌ನ ಮೊದಲ ಆವೃತ್ತಿಯನ್ನು ಹೊರತಂದದ್ದು 1970ರಲ್ಲಿ. ಆಗ ಔಟ್‌ಪುಟ್ ಎಂದರೆ ಮನುಷ್ಯರು ಕಣ್ಣಿಂದ ಓದುವ ಕಾಗದ. ಮತ್ತೊಂದು ಪ್ರೋಗ್ರಾಂ ಅದನ್ನು ಓದಬೇಕಾಗುತ್ತದೆ ಎಂಬ ಯೋಚನೆ ಅದರ ರೂಪದಲ್ಲಿ ಇರಲಿಲ್ಲ. ಇಂದು ಆ ಓದುವ ಕೆಲಸವನ್ನು ಸಿಸಿಲಿಬ್‌ನಂಥ ಪೈಥಾನ್ ಲೈಬ್ರರಿಗಳು ಮಾಡುತ್ತವೆ. ಬೇರೆ ಬೇರೆ ಪ್ರೋಗ್ರಾಂಗಳ ಫಲಿತಾಂಶವನ್ನು ಒಂದೇ ರೂಪಕ್ಕೆ ತರುವ ಈ ಲೈಬ್ರರಿಯ ಕುರಿತ ಲೇಖನ 2008ರಲ್ಲಿ ಪ್ರಕಟವಾಯಿತು.

ಓದುವ ಈ ಭಾಗವನ್ನು ಪಾರ್ಸರ್ ಎನ್ನುತ್ತಾರೆ. ಅದು ಎಡವುವುದು ತೀರ ಸಣ್ಣ ಸಂಗತಿಗಳಲ್ಲಿ. ಇಂಥ ಹಲವು ಪ್ರೋಗ್ರಾಂಗಳನ್ನು ಬರೆದಿರುವ ಫೋರ್ಟ್ರಾನ್ ಭಾಷೆ ಪ್ರತಿ ಸಂಖ್ಯೆಗೂ ಇಂತಿಷ್ಟೇ ಅಗಲದ ಜಾಗ ಕೊಡುತ್ತದೆ. ಸಂಖ್ಯೆ ಆ ಜಾಗದಲ್ಲಿ ಹಿಡಿಸದಿದ್ದರೆ ಬರೀ ನಕ್ಷತ್ರ ಚಿಹ್ನೆಗಳನ್ನು ಅಚ್ಚು ಹಾಕುತ್ತದೆ. ಎರಡು ಋಣ ಸಂಖ್ಯೆಗಳು ಜಾಗವನ್ನು ಪೂರ್ತಿ ತುಂಬಿದರೆ ನಡುವೆ ಅಂತರವೇ ಉಳಿಯದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಂಥ ಕಡೆಗಳಲ್ಲಿ ಪಾರ್ಸರ್ ದೋಷ ಸಂದೇಶ ಕೊಟ್ಟು ನಿಂತುಬಿಡುವುದೇ ಹೆಚ್ಚು. ನಿಂತರೆ ಒಳ್ಳೆಯದೇ, ತಪ್ಪು ಕಣ್ಣಿಗೆ ಬೀಳುತ್ತದೆ.

ನನಗೆ ಭಯ ಹುಟ್ಟಿಸುವುದು ನಿಲ್ಲದೆ ಮುಂದುವರಿಯುವ ತಪ್ಪು. ಎನ್ ಪರಮಾಣುಗಳ ಅಣುವಿಗೆ ಒಟ್ಟು 3ಎನ್ ಚಲನೆಗಳು. ಅದರಲ್ಲಿ ಆರು ಇಡೀ ಅಣುವಿನ ಸಾಗುವಿಕೆ ಮತ್ತು ತಿರುಗುವಿಕೆ, ಉಳಿದವು ಕಂಪನಗಳು. ನೇರ ಗೆರೆಯಂತಿರುವ ಅಣುವಿನಲ್ಲಿ ಮಾತ್ರ ಆ ಆರು ಐದಾಗುತ್ತದೆ. ಕೆಲವು ಪ್ರೋಗ್ರಾಂಗಳು 3ಎನ್ ಬೆಲೆಗಳನ್ನೂ ಪಟ್ಟಿ ಮಾಡುತ್ತವೆ. ಪಾರ್ಸರ್ ಬರೆದವರು ಮೊದಲ ಆರನ್ನು ಸದಾ ಬಿಟ್ಟುಬಿಡುವಂತೆ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ನೀರಿಗೆ ಉತ್ತರ ಸರಿ, ಬೆಂಜೀನಿಗೂ ಸರಿ. ಇಂಗಾಲದ ಡೈಆಕ್ಸೈಡ್ ಬಂದಾಗ ನಾಲ್ಕು ಕಂಪನಗಳಲ್ಲಿ ಒಂದು ಸದ್ದಿಲ್ಲದೆ ಮಾಯವಾಗುತ್ತದೆ. ಪ್ರತಿ ಸೆಂಟಿಮೀಟರಿಗೆ ಸುಮಾರು 667 ತರಂಗಗಳ ಆ ಬಾಗುವ ಕಂಪನ ಬಿಟ್ಟುಹೋದರೆ ಶೂನ್ಯಬಿಂದು ಶಕ್ತಿಯಲ್ಲಿ ಮೋಲ್ ಒಂದಕ್ಕೆ ಸುಮಾರು 4 ಕಿಲೋಜೂಲ್ ಕಡಿಮೆಯಾಗುತ್ತದೆ. ಈ ಕ್ಷೇತ್ರದವರು ರಾಸಾಯನಿಕ ನಿಖರತೆಯ ಗಡಿ ಎಂದು ಒಪ್ಪಿಕೊಂಡಿರುವುದು ಒಂದು ಕಿಲೋಕ್ಯಾಲೊರಿ, ಅಂದರೆ 4.184 ಕಿಲೋಜೂಲ್. ದುಬಾರಿ ವಿಧಾನ ಬಳಸಿ ಗಳಿಸಿದ ನಿಖರತೆಯೆಲ್ಲ ಫೈಲು ಓದುವಲ್ಲಿ ಕಳೆದುಹೋಯಿತು. ಇದನ್ನು ತಡೆಯಲು ನೇರ ಅಣುವೊಂದರ ಒಂದೇ ಒಂದು ಫೈಲು ಪರೀಕ್ಷೆಯ ಸಾಲಿನಲ್ಲಿ ಇದ್ದಿದ್ದರೆ ಸಾಕಿತ್ತು.

ಅಂಥ ಫೈಲುಗಳನ್ನು ತಂತ್ರಾಂಶ ಬರೆಯುವವರೇ ತಯಾರಿಸಿಕೊಳ್ಳಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರು ತಯಾರಿಸಿಕೊಂಡೂ ಇದ್ದಾರೆ. ಸಿಸಿಲಿಬ್‌ನ ಪರೀಕ್ಷೆಗಳಲ್ಲಿ ಡೈವಿನೈಲ್‌ಬೆಂಜೀನ್ ಎಂಬ ಇಪ್ಪತ್ತು ಪರಮಾಣುಗಳ ಅಣು ಮತ್ತೆ ಮತ್ತೆ ಬರುತ್ತದೆ. ಎಸ್‌ಟಿಒ-3ಜಿ ಎಂಬ ಚಿಕ್ಕ ಆಧಾರಗಣದಲ್ಲಿ ಅದಕ್ಕೆ 60 ಫಲನಗಳು, ತುಂಬಿದ ಕಕ್ಷಕಗಳು 35, ಕಂಪನಗಳು 54. ಯಾವ ಪ್ರೋಗ್ರಾಂನ ಫೈಲು ಓದಿದರೂ ಇವೇ ಸಂಖ್ಯೆಗಳು ಬರಲೇಬೇಕು. ಅಚ್ಚುಕಟ್ಟಾದ ಆಯ್ಕೆ ಎಂದೇ ಹೇಳಬೇಕು. ಆದರೆ ಹೀಗೆ ಆರಿಸಿಕೊಂಡ ಅಣು ಆರಿಸಿದವರಿಗೆ ಗೊತ್ತಿರುವ ತೊಡಕುಗಳನ್ನಷ್ಟೇ ಪರೀಕ್ಷಿಸುತ್ತದೆ. ಜೋಡಿಯಾಗದ ಎಲೆಕ್ಟ್ರಾನುಗಳಿರುವ ಕಬ್ಬಿಣದ ಸಂಕೀರ್ಣ, ಸಮಯ ಮುಗಿದು ಅರ್ಧದಲ್ಲೇ ನಿಂತ ಲೆಕ್ಕ, ಇನ್ನೂರು ಸುತ್ತು ಹಾಕಿಯೂ ಒಂದು ನೆಲೆಗೆ ಬಾರದ ಶಕ್ತಿ, ಹತ್ತು ವರ್ಷ ಹಳೆಯ ಆವೃತ್ತಿಯ ಔಟ್‌ಪುಟ್: ಇವು ಪ್ರಯೋಗಾಲಯದ ಕಂಪ್ಯೂಟರುಗಳಲ್ಲಿ ದಿನವೂ ಹುಟ್ಟುತ್ತವೆ, ದಿನವೂ ಅಳಿಸಿಹೋಗುತ್ತವೆ. ಮೇಜಿನ ಮುಂದೆ ಕುಳಿತು ಊಹಿಸಿ ಬರೆದ ಫೈಲಿನಲ್ಲಿ ಬರೆದವರ ಊಹೆಯೇ ಇರುತ್ತದೆ, ಪಾರ್ಸರಿನಲ್ಲಿ ಇರುವುದೂ ಅದೇ ಊಹೆ. ಒಂದರಿಂದ ಇನ್ನೊಂದನ್ನು ಪರೀಕ್ಷಿಸಿದಂತಾಗುವುದಿಲ್ಲ. ಹೀಗಾಗಿ ಕೆಟ್ಟುಹೋದ ಲೆಕ್ಕದ ಫೈಲಿಗೇ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ. ಪ್ರಬಂಧದಲ್ಲಿ ಜಾಗ ಸಿಗದ ಫಲಿತಾಂಶಕ್ಕೆ ಇಲ್ಲಿ ಶಾಶ್ವತ ಉಪಯೋಗವಿದೆ: ಒಮ್ಮೆ ಪರೀಕ್ಷೆಯ ಸಾಲಿಗೆ ಸೇರಿದರೆ, ಮುಂದೆ ಕೋಡ್ ಬದಲಾದಾಗಲೆಲ್ಲ ಆ ಫೈಲು ಮತ್ತೆ ಓದಿಸಿಕೊಳ್ಳುತ್ತದೆ, ಹಳೆಯ ತಪ್ಪು ಮರುಕಳಿಸಿದರೆ ಹಿಡಿದುಕೊಡುತ್ತದೆ.

ಕೊಡಲು ಹಿಂಜರಿಯುವವರ ಕಾರಣಗಳನ್ನೂ ಗೌರವಿಸಬೇಕು. ಫೈಲಿನಲ್ಲಿ ಅಣುವಿನ ಪೂರ್ತಿ ರಚನೆ ಇರುತ್ತದೆ. ಪ್ರಕಟವಾಗದ ಕೆಲಸ ಬೇರೆಯವರ ಕೈ ಸೇರಬಹುದು. ಅದು ವಿದ್ಯಾರ್ಥಿಯೊಬ್ಬರದೇ ಸ್ವತ್ತಲ್ಲ, ಮಾರ್ಗದರ್ಶಕರ ಒಪ್ಪಿಗೆ ಬೇಕು. ಕಂಪ್ಯೂಟರಿನ ಹೆಸರು, ಬಳಕೆದಾರರ ಹೆಸರು, ಫೋಲ್ಡರಿನ ದಾರಿ ಇವೂ ಒಳಗೆ ಅಚ್ಚಾಗಿರುತ್ತವೆ. ಪಡೆದುಕೊಳ್ಳುವವರೂ ಅಷ್ಟೇ ಎಚ್ಚರ ವಹಿಸಬೇಕು. ಯಾರು ಬೇಕಾದರೂ ಬಳಸಬಹುದು, ಹಂಚಬಹುದು ಎಂದು ಕೊಟ್ಟವರು ಬರಹದಲ್ಲಿ ತಿಳಿಸದ ಫೈಲನ್ನು ಮುಕ್ತ ತಂತ್ರಾಂಶದ ಜೊತೆ ಹಂಚುವುದು ತರವಲ್ಲ. ಕೊಟ್ಟವರ ಹೆಸರನ್ನು, ಅವರು ಒಪ್ಪಿದರೆ, ಕೋಡ್ ಬರೆದವರ ಹೆಸರಿನ ಪಕ್ಕದಲ್ಲೇ ನಮೂದಿಸುವುದು ಕನಿಷ್ಠ ನ್ಯಾಯ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಕೆಲಸವನ್ನು ಅಳೆಯುವಾಗಲೂ ಇದಕ್ಕೊಂದು ಸಾಲು ಮೀಸಲಿಡಬೇಕು.

ಗುಟ್ಟಾಗಿಡಬೇಕಾದ ಅಣುವಾದರೆ ಅದಕ್ಕೂ ದಾರಿಯಿದೆ. ಅದೇ ಪ್ರೋಗ್ರಾಂ, ಅದೇ ಆವೃತ್ತಿ, ಅದೇ ವಿಧಾನ ಇಟ್ಟುಕೊಂಡು ನೀರಿನ ಅಣುವಿನ ಮೇಲೆ ಲೆಕ್ಕ ಓಡಿಸಿ ನೋಡಬೇಕು. ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪಾರ್ಸರ್ ಅಲ್ಲೂ ಎಡವಿದರೆ ಆ ಪುಟ್ಟ ಫೈಲನ್ನೇ, ಇನ್‌ಪುಟ್ ಮತ್ತು ಬರಬೇಕಾಗಿದ್ದ ಸಂಖ್ಯೆಯ ಸಹಿತ, ಕಳಿಸಬಹುದು. ಎಡವದಿದ್ದರೆ ತೊಡಕು ಅಣುವಿನ ಗಾತ್ರದಲ್ಲೋ ಸ್ವರೂಪದಲ್ಲೋ ಇದೆ ಎಂದಾಯಿತು. ಆಗ ಮೂಲ ಫೈಲನ್ನು ಅಳಿಸದೆ ಎತ್ತಿಟ್ಟು, ಲೇಖನ ಪ್ರಕಟವಾದ ಮೇಲೆ ಕಳಿಸಬೇಕು.