ಅಜ್ಜಿಯ ಬೆರಳು, ತಂಗಿಯ ದನಿ

ಕೆನಡಾದ ಟೊರೊಂಟೊದಲ್ಲಿ ಬೇಸಿಗೆಯ ರಾತ್ರಿ ಎಂಟು ಗಂಟೆಯಾದಾಗ ಚೀನದ ಗ್ವಾಂಗ್‌ಝೌ ನಗರದಲ್ಲಿ ಮರುದಿನ ಬೆಳಿಗ್ಗೆ ಎಂಟು. ಟೊರೊಂಟೊದ ವೃದ್ಧಾಶ್ರಮದಲ್ಲಿ ಚೀನೀ ಅಜ್ಜಿಯೊಬ್ಬಳು ಮಲಗುವ ಹೊತ್ತಿಗೆ ಊರಿನಲ್ಲಿರುವ ಅವಳ ತಂಗಿ ತರಕಾರಿ ತರಲು ಹೊರಟಿರುತ್ತಾಳೆ. ಇಬ್ಬರೂ ಮಾತನಾಡುವುದು ಹೇಗೆ?

ಮೊಬೈಲ್ ಇದೆಯಲ್ಲ ಎನ್ನಬಹುದು. ಆದರೆ ತೊಡಕು ಇರುವುದೇ ಅಲ್ಲಿ. ನಮ್ಮ ವರ್ಣಮಾಲೆಯ 49 ಅಕ್ಷರ ಕಲಿತರೆ ಏನನ್ನಾದರೂ ಬರೆಯಬಹುದು. ಚೀನೀ ಲಿಪಿಯಲ್ಲಿ ದಿನಬಳಕೆಯ ಚಿಹ್ನೆಗಳೇ ಸುಮಾರು 3,500. ಅವನ್ನೆಲ್ಲ ಕೀಲಿಮಣೆಯಲ್ಲಿ ಕೂರಿಸಲಾಗದು. ಹಾಗಾಗಿ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ತೆರೆಯ ಮೇಲೆ ಮೂಡುವ ಚಿಹ್ನೆಗಳಿಂದ ಬೇಕಾದದ್ದನ್ನು ಆರಿಸುವುದು ರೂಢಿ. ಇದಕ್ಕೆ ಆಧಾರವಾದ 'ಪಿನ್‌ಯಿನ್' ಪದ್ಧತಿಯನ್ನು ಚೀನ ಒಪ್ಪಿಕೊಂಡದ್ದು 1958ರಲ್ಲಿ. ಅದೂ ಮ್ಯಾಂಡರಿನ್ ಉಚ್ಚಾರಕ್ಕೆ ಹೊಂದುವಂತೆ. ಅದಕ್ಕೂ ಮೊದಲು ಶಾಲೆ ಬಿಟ್ಟವರಿಗೆ, ಹಾಂಗ್‌ಕಾಂಗ್‌ನಲ್ಲಿ ಓದಿದವರಿಗೆ ಅದು ಬಾರದು. ಕೆನಡಾಕ್ಕೆ ಹೋದ ಹಳೆಯ ತಲೆಮಾರಿನ ಅನೇಕರ ಮನೆಮಾತು ಕ್ಯಾಂಟನೀಸ್ ಅಥವಾ ತೈಶಾನೀಸ್. ಕ್ಯಾಂಟನೀಸ್‌ನಲ್ಲಿ 'ಸಿ' ಎಂಬ ಒಂದೇ ಸದ್ದು ಸ್ವರದ ಏರಿಳಿತ ಬದಲಾದಂತೆ ಕವಿತೆ, ಇತಿಹಾಸ, ಕಾಲ, ಪೇಟೆ ಎಂದೆಲ್ಲ ಅರ್ಥ ಕೊಡುತ್ತದೆ. ಹೀಗಾಗಿ ದಾದಿಯರು ನಾಲ್ಕು ಪದ ಬರೆದಿಟ್ಟುಕೊಂಡು ಓದಿದರೂ ಅಜ್ಜಿಗೆ ತಿಳಿಯುವುದು ಅನುಮಾನ.

ಇಂಗ್ಲಿಷ್? ಅಂಗಡಿ, ಹೋಟೆಲುಗಳಲ್ಲಿ ದುಡಿಯುತ್ತ ಕಲಿತ ಅಷ್ಟಿಷ್ಟು. ಮರೆವಿನ ಕಾಯಿಲೆ ಆವರಿಸಿದಾಗ, ತಡವಾಗಿ ಕಲಿತ ಭಾಷೆ ಎಷ್ಟೋ ಜನರಲ್ಲಿ ಮೊದಲು ಜಾರಿಹೋಗುತ್ತದೆ. ಈ ಕಷ್ಟ ಅರಿತೇ ಡಾ. ಜೋಸೆಫ್ ವಾಂಗ್ ಮೊದಲಾದವರು ಟೊರೊಂಟೊದ ಸ್ಕಾರ್‌ಬರೋದಲ್ಲಿ ಯೀ ಹಾಂಗ್ ಕೇಂದ್ರ ಕಟ್ಟಿದರು. 1994ರಲ್ಲಿ ಅದು ತೆರೆಯಿತು. ಅಲ್ಲಿ ಹಿರಿಯರ ಭಾಷೆಯಲ್ಲೇ ಮಾತು, ಅವರ ರುಚಿಯದೇ ಊಟ. ಆದರೆ ಕಾಯುವವರ ಸಾಲು ಉದ್ದ. ಜಾಗ ಸಿಗದವರು ಬೇರೆಡೆ, ತಮ್ಮ ಮಾತು ತಿಳಿಯದವರ ನಡುವೆ ಇರಬೇಕಾಗುತ್ತದೆ.

ಇಂಥವರಿಗೆ ನೆರವಾದದ್ದು ಒಂದು ಸಣ್ಣ ಗುಂಡಿ. ಚೀನದ ಟೆನ್‌ಸೆಂಟ್ ಕಂಪನಿ 2011ರ ಜನವರಿಯಲ್ಲಿ 'ವೀಚಾಟ್' ಹೊರತಂದಿತು. ಕೆಲವೇ ತಿಂಗಳಲ್ಲಿ ಅದಕ್ಕೆ ದನಿಸಂದೇಶ ಸೇರಿತು. ಗುಂಡಿ ಒತ್ತಿ ಹಿಡಿದು ಮಾತಾಡಿ ಬೆರಳು ತೆಗೆದರೆ ಸಾಕು, ಅರವತ್ತು ಸೆಕೆಂಡಿನವರೆಗಿನ ಮಾತು ಹೋಗಿ ತಲುಪುತ್ತದೆ. ಕಾಗುಣಿತ ಬೇಡ, ಪಿನ್‌ಯಿನ್ ಬೇಡ. ತೈಶಾನೀಸ್ ಆದರೂ ಸರಿ, ಯಂತ್ರಕ್ಕೆ ಅರ್ಥವಾಗಬೇಕಿಲ್ಲ. ತಂಗಿ ಎದ್ದಾಗ ಕೇಳುತ್ತಾಳೆ. ಅಕ್ಕ ಬೇಕೆಂದಷ್ಟು ಸಲ ಮರಳಿ ಕೇಳುತ್ತಾಳೆ.

ಇಲ್ಲೊಂದು ಭೌತವಿಜ್ಞಾನದ ಸಂಗತಿ ಇದೆ, ವಿದ್ಯಾರ್ಥಿಗಳು ಗಮನಿಸಬೇಕು. ಮೊಬೈಲಿನ ಗಾಜಿನಡಿ ವಿದ್ಯುತ್ ಹರಿಯಬಲ್ಲ ಪಾರದರ್ಶಕ ಪದರವಿದೆ. ಬೆರಳು ತಾಗಿದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಆಗುವ ಬದಲಾವಣೆಯನ್ನೇ ಫೋನು 'ಸ್ಪರ್ಶ' ಎಂದು ತಿಳಿಯುತ್ತದೆ. ಮುದಿ ಬೆರಳಿನ ಚರ್ಮ ಒಣಗಿರುವುದರಿಂದ ಈ ಬದಲಾವಣೆ ಕ್ಷೀಣ. ಎಷ್ಟು ಮುಟ್ಟಿದರೂ ತೆರೆ ಸುಮ್ಮನಿರಬಹುದು. ಮೊಮ್ಮಗ 'ಅಜ್ಜಿಗೆ ಬರೋದೇ ಇಲ್ಲ' ಎಂದು ರೇಗುವ ಬದಲು ಅವಳ ಬೆರಳಿಗೆ ತುಸು ಕ್ರೀಮು ಹಚ್ಚಿ ನೋಡಲಿ. ಬೇರೆಡೆ ತೊಂದರೆ ಕೊಡುವ ನಿಧಾನದ ಒತ್ತು ದನಿಸಂದೇಶಕ್ಕೆ ಅನುಕೂಲವೇ. ಕೈ ನಡುಗಿ ಬೆರಳು ಮೇಲಕ್ಕೆ ಜಾರಿದರೆ ಮಾತ್ರ ಹೇಳಿದ್ದೆಲ್ಲ ರದ್ದು!

2020ರಲ್ಲಿ ಕೊರೊನಾ ಬಂದಾಗ ಅಲ್ಲಿನ ವೃದ್ಧಾಶ್ರಮಗಳು ಮಕ್ಕಳಿಗೂ ಬಾಗಿಲು ಮುಚ್ಚಿದವು. ಉಳಿದದ್ದು ಕಿಟಕಿಯ ಗಾಜು ಮತ್ತು ಫೋನಿನ ಗಾಜು. ಎಷ್ಟೋ ಮಂದಿ ಕಡೆಯ ಸಲ ಮಕ್ಕಳ ಮುಖ ನೋಡಿದ್ದು ದಾದಿ ಎತ್ತಿ ಹಿಡಿದ ಟ್ಯಾಬ್ಲೆಟ್‌ನಲ್ಲಿ.

ಆ ಎತ್ತಿ ಹಿಡಿಯುವ ಕೈ ಇಲ್ಲದಿದ್ದರೆ ಉಪಕರಣ ಇದ್ದೂ ಇಲ್ಲದಂತೆ. ಚಾರ್ಜರಿನ ಪ್ಲಗ್ಗು ಮಂಚದ ಹಿಂದೆ. ಬಗ್ಗಲು ಅಜ್ಜಿಗೆ ಆಗದು. ರಾತ್ರಿ ಪಾಳಿಯವರು ಮರೆತರೆ ಬೆಳಿಗ್ಗೆ ಫೋನು ಸತ್ತಿರುತ್ತದೆ. ತಂಗಿಯ ಅರವತ್ತು ಸೆಕೆಂಡು ಆ ಕಡೆ ಕಾಯುತ್ತಿರುತ್ತದೆ.