ಕಾರಿನ ಲೆಕ್ಕ ಕಾಮರ್ಸ್‌ನವರಿಗೂ ಬೇಕು

ನಾನು ದ್ವಿತೀಯ ಪಿಯುಸಿ ಎಚ್‌ಇಬಿಎ ವಿದ್ಯಾರ್ಥಿ. ಒಂದು ದಿನ ಕ್ಯಾಂಟೀನಿನಲ್ಲಿ ಕಾರಿನ ಟಾರ್ಕ್ ಬಗ್ಗೆ ಮಾತಾಡುತ್ತಿದ್ದಾಗ ಸೈನ್ಸ್ ಗೆಳೆಯನೊಬ್ಬ, "ನಿನಗ್ಯಾಕೋ ಇದೆಲ್ಲ? ನೀನು ಕಾಮರ್ಸ್" ಎಂದು ನಕ್ಕ. ನಾನೂ ನಕ್ಕು ಸುಮ್ಮನಾದೆ. ಆದರೆ ಮನಸ್ಸಿಗೆ ನಾಟಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ನನಗೂ ಸೈನ್ಸ್ ತೆಗೆದುಕೊಳ್ಳುವ ಆಸೆ ಇತ್ತು. ಅಂಗಡಿ ಲೆಕ್ಕ ನೋಡಿಕೊಳ್ಳಲು ಕಾಮರ್ಸ್ ಒಳ್ಳೆಯದು ಎಂದರು ಅಬ್ಬಾ. ಅವತ್ತು ಗೆಳೆಯನಿಗೆ ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಸಿಗೆ ರಜೆಯಲ್ಲಿ ಖಾಲಾ ಮನೆಗೆ ಹೋಗಿದ್ದೆ. ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾರೆ. ಭಾಯಿಯ ಕಂಪ್ಯೂಟರಿನಲ್ಲಿ 'ಆಟೊಮೇಷನ್' ಎಂಬ ಗೇಮ್ ಇದೆ. ಅದರಲ್ಲಿ ಇಂಜಿನ್‌ನಿಂದ ಹಿಡಿದು ಬಾಡಿಯ ಲೋಹದವರೆಗೆ ಎಲ್ಲವನ್ನೂ ನಾವೇ ಆರಿಸಿ ಕಾರು ತಯಾರಿಸಬೇಕು. ಪವರ್ ಮತ್ತು ಟಾರ್ಕ್ ಗ್ರಾಫ್‌ನಲ್ಲಿ ಕಾಣುತ್ತವೆ, ಖರ್ಚೂ ಕಾಣುತ್ತದೆ. ಆ ಕಾರನ್ನು 'ಬೀಮ್‌ಎನ್‌ಜಿ' ಗೇಮ್‌ಗೆ ಒಯ್ದು ಓಡಿಸಬಹುದು.

ನಾನು ದೊಡ್ಡ ವಿ8 ಇಂಜಿನ್, ಅದಕ್ಕೆ ದೊಡ್ಡ ಟರ್ಬೊ ಹಾಕಿದೆ. 600 ಎಚ್‌ಪಿ, ತೂಕ 1,750 ಕೆಜಿ. ಭಾಯಿಯ ಪುಟ್ಟ ಕಾರು 250 ಎಚ್‌ಪಿ, 850 ಕೆಜಿ. ಟನ್‌ಗೆ ಲೆಕ್ಕ ಹಾಕಿದರೆ ನನ್ನದು ಸುಮಾರು 343 ಎಚ್‌ಪಿ, ಅವರದು 294. ಗೆಲುವು ನನ್ನದೇ ಅಂದುಕೊಂಡೆ. ತಿರುವುಗಳೇ ತುಂಬಿದ ಟ್ರ್ಯಾಕ್‌ನಲ್ಲಿ ಮೂರು ಸಲ ಓಡಿಸಿ ಮೂರು ಸಲವೂ ಸೋತೆ.

ಕಾರಣ ಹುಡುಕಿದಾಗ ಮೂರು ತಪ್ಪು ಸಿಕ್ಕವು. ಮೊದಲನೆಯದು ಬ್ರೇಕ್. ಒಂದೇ ವೇಗದಲ್ಲಿ ಹೋಗುವಾಗ ನನ್ನ ಕಾರಿನ ಚಲನಶಕ್ತಿ ಅವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅಷ್ಟನ್ನೂ ಪ್ರತಿ ತಿರುವಿನಲ್ಲಿ ಬ್ರೇಕ್ ತಡೆಯಬೇಕು. ಎರಡನೆಯದು ಟೈರ್. ಟೈರ್ ಮೇಲೆ ಭಾರ ಎರಡು ಪಟ್ಟು ಆದರೆ ಅದರ ಹಿಡಿತ ಎರಡು ಪಟ್ಟು ಆಗುವುದಿಲ್ಲ, ಸ್ವಲ್ಪ ಕಡಿಮೆಯೇ ಉಳಿಯುತ್ತದೆ. ಮೂರನೆಯದು ಟಾರ್ಕ್. ನನ್ನ ಟರ್ಬೊ 4,500 ಆರ್‌ಪಿಎಂ ತನಕ ನಿದ್ದೆ ಮಾಡುತ್ತಿತ್ತು, ಆಮೇಲೆ ಒಮ್ಮೆಗೇ ಎದ್ದು ಹಿಂದಿನ ಚಕ್ರಗಳನ್ನು ಜಾರಿಸುತ್ತಿತ್ತು.

ಪವರ್ ಎಂದರೆ ಟಾರ್ಕ್ ಮತ್ತು ವೇಗದ ಗುಣಾಕಾರ. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 200 ನ್ಯೂಟನ್ ಮೀಟರ್ ಟಾರ್ಕ್ 3,000 ಆರ್‌ಪಿಎಂನಲ್ಲಿ 63 ಕಿಲೋವ್ಯಾಟ್, 6,000ದಲ್ಲಿ 126. ಹಾಗಾಗಿ ಜಾಹೀರಾತಿನಲ್ಲಿ ಬರೆಯುವ ಎಚ್‌ಪಿ ಗ್ರಾಫ್‌ನ ತುದಿಯ ಒಂದು ಬಿಂದು ಮಾತ್ರ. ತಿರುವಿನಿಂದ ಹೊರಬರುವಾಗ ಬೇಕಾಗುವುದು ಗ್ರಾಫ್‌ನ ನಡುಭಾಗ. ನಮ್ಮ ಮಾಮು ಗ್ಯಾರೇಜಿನಲ್ಲಿ ಲಗೇಜ್ ಆಟೊ ರಿಪೇರಿ ಮಾಡುತ್ತಾರೆ. ಯಾರಾದರೂ "ಪಿಕಪ್ ಇಲ್ಲ" ಎಂದು ಬಂದರೆ ಅವರು ಇಂಜಿನ್ ಮುಟ್ಟುವ ಮೊದಲು, "ಎಷ್ಟು ಲೋಡ್ ಹಾಕ್ತೀರಿ?" ಎಂದು ಕೇಳುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡಬೇಕಿತ್ತು.

ಇದು ಗೇಮ್‌ನ ಕಥೆ ಮಾತ್ರ ಅಲ್ಲ. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಓಡಿಸಿದ 1,071 ಸಿಸಿಯ ಪುಟ್ಟ ಮಿನಿ ಕೂಪರ್ ಎಸ್ ಗೆದ್ದಿತು. ಎರಡನೇ ಸ್ಥಾನಕ್ಕೆ ಇಳಿದದ್ದು ವಿ8 ಇಂಜಿನ್‌ನ ಫೋರ್ಡ್ ಫಾಲ್ಕನ್. ಆಗಿನ ಅಂಕದ ನಿಯಮ ಸಣ್ಣ ಕಾರುಗಳಿಗೆ ಸ್ವಲ್ಪ ಅನುಕೂಲವಾಗಿತ್ತು ಎಂಬುದು ನಿಜ. ಆದರೂ ಹಿಮದ ಬೆಟ್ಟದ ದಾರಿಯಲ್ಲಿ ಹಗುರವಾದ ಕಾರು ದೊಡ್ಡ ಇಂಜಿನ್‌ಗೆ ಸಮನಾಗಿ ನಿಂತಿತಲ್ಲ!

ಈಗ ಕಾಮರ್ಸ್ ವಿಷಯಕ್ಕೆ ಬರುತ್ತೇನೆ. ಮೊದಲ ನೂರು ಕೆಜಿ ಇಳಿಸುವುದು ಸುಲಭ: ಹಿಂದಿನ ಸೀಟು, ಮ್ಯೂಸಿಕ್ ಸಿಸ್ಟಂ ತೆಗೆದರೆ ಆಯಿತು. ಕೊನೆಯ ಇಪ್ಪತ್ತು ಕೆಜಿಗೆ ಕಾರ್ಬನ್ ಫೈಬರ್ ಬೇಕು, ಖರ್ಚು ಎಲ್ಲಿಗೋ ಹೋಗುತ್ತದೆ. ಇದು ಅರ್ಥಶಾಸ್ತ್ರದಲ್ಲಿ ನಾವು ಓದುವ ಇಳಿಮುಖ ಸೀಮಾಂತ ಉತ್ಪನ್ನದಂತೆಯೇ ಇದೆ. ಇಂಜಿನ್‌ಗೆ ಹಾಕಿದ ಹಣ ಟೈರ್‌ಗೆ ಸಿಗುವುದಿಲ್ಲ, ಅದು ಅವಕಾಶ ವೆಚ್ಚ. ಟಾರ್ಕ್ ಸೂತ್ರವನ್ನು ಭಾಯಿ ಕಲಿಸಿದರು. ಆದರೆ ಹಣ ಎಲ್ಲಿ ಹಾಕಿದರೆ ಎಷ್ಟು ಸೆಕೆಂಡ್ ಉಳಿಯುತ್ತದೆ ಎಂಬ ಪಟ್ಟಿಯನ್ನು ನಾನೇ ಬರೆದೆ. ಅದನ್ನು ನೋಡಿ ಭಾಯಿಯೂ ತಮ್ಮ ಕಾರಿನ ಎರಡು ಭಾಗ ಬದಲಾಯಿಸಿದರು.

ಗೇಮ್ ಎಂದರೆ ಟೈಂ ವೇಸ್ಟ್ ಎಂದು ಕೆಲವು ಉಪನ್ಯಾಸಕರು ಹೇಳಬಹುದು. ರಾತ್ರಿ ಎರಡರವರೆಗೆ ಆಡಿ ಫಜ್ರ್‌ಗೆ ಏಳದೆ ಖಾಲೂ ಅವರಿಂದ ಬೈಸಿಕೊಂಡವನು ನಾನು, ಆ ಮಾತನ್ನು ಸುಳ್ಳು ಎನ್ನುವುದಿಲ್ಲ. ಅದಕ್ಕೇ ನನ್ನ ವಿನಂತಿ ಚಿಕ್ಕದು. ಎಚ್‌ಇಬಿಎಯವರಿಗೆ ಈಗ ಕಂಪ್ಯೂಟರ್ ಲ್ಯಾಬ್ ಇಲ್ಲ. ಶನಿವಾರ ಒಂದು ಗಂಟೆ ಲ್ಯಾಬ್ ಕೊಡಿ. ಗೇಮ್ ಬೇಡ, ಸ್ಪ್ರೆಡ್‌ಶೀಟ್ ಸಾಕು. ಎಲ್ಲರಿಗೂ ಒಂದೇ ಬಜೆಟ್. ಪ್ರತಿ ತಂಡದಲ್ಲಿ ಒಬ್ಬರು ಸೈನ್ಸ್, ಒಬ್ಬರು ಕಾಮರ್ಸ್ ಅಥವಾ ಆರ್ಟ್ಸ್ ಇರಲಿ. ಪವರ್, ಟಾರ್ಕ್, ತೂಕ ಮೂರನ್ನೂ ಹೊಂದಿಸಿ ಕಾಗದದ ಮೇಲೆ ಒಂದು ಕಾರು ಮಾಡೋಣ.

ನನ್ನ ಹೊಸ ಕಾರು 300 ಎಚ್‌ಪಿ, 980 ಕೆಜಿ. ಪವರ್ ಅರ್ಧ ಆಯಿತು, ಆದರೆ ಅದೇ ಟ್ರ್ಯಾಕ್‌ನಲ್ಲಿ ಹಳೆಯದಕ್ಕಿಂತ ನಾಲ್ಕು ಸೆಕೆಂಡ್ ಬೇಗ ಸುತ್ತುತ್ತದೆ. ಭಾಯಿಯನ್ನು ಇನ್ನೂ ಸೋಲಿಸಿಲ್ಲ. ಕ್ಯಾಂಟೀನಿನಲ್ಲಿ ನಕ್ಕ ಗೆಳೆಯ ನನ್ನ ತಂಡಕ್ಕೆ ಬಂದರೆ ಸೋಲಿಸಬಹುದು ಎನಿಸುತ್ತದೆ.